ಹಾಳೆ ತಿರುವುವ ಮೊದಲೇ

ಕ್ರ್ಯಾನ್‌ಬರಿ, ನ್ಯೂಜೆರ್ಸಿ
೧೪-೧೦-೧೯೯೯

ಅಕ್ಕ, ಇಲ್ಲಿಂದಲೇ ನಿನ್ನ ಕಾಲಿಗೆ ಬಿದ್ದೆ ಅಂದುಕೋ.

ಜಾಂಬಿಯಾದ ಶಾಲೆಯಲ್ಲಿ ನಾನು ಎರಡು ವರ್ಷ ಪಾಠ ಮಾಡಿದೆನಲ್ಲ, ಅಲ್ಲಿಗೆಂದು ಬರೆದ ಓದುವ ಪುಸ್ತಕವನ್ನು ಇಲ್ಲಿಯ ಟ್ರಸ್ಟಿನವರು ಮುನ್ನೂರು ಶಾಲೆಗಳಿಗೆ ಅಚ್ಚು ಹಾಕಿಸಲು ನನ್ನನ್ನು ಕರೆಸಿದ್ದರು. ಇವತ್ತು ಬೆಳಿಗ್ಗೆ ಆ ಶಾಲೆಯ ವಿಡಿಯೊ ಹಾಕಿದರು. ಮೂರನೇ ಕ್ಲಾಸಿನ ತಂಡಿವೆ ಎಂಬ ಹುಡುಗಿ ನನ್ನ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದಳು. ಪಕ್ಕದಲ್ಲಿದ್ದ ನಿನ್ನ ಮಗಳು ಲಾವಣ್ಯಾ, "ಚಿಕ್ಕಮ್ಮ, ಎಷ್ಟು ಫ್ಲೂಯೆಂಟ್ ಆಗಿ ಓದ್ತಾಳೆ ನೋಡು!" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಹಾಳೆ ತಿರುವುವ ಮೊದಲೇ ಮುಂದಿನ ಪುಟದ ಸಾಲು ಅವಳ ಬಾಯಲ್ಲಿತ್ತು.

ಸುಮ್ಮನಿದ್ದುಬಿಡೋಣ ಅನ್ನಿಸಿತು. ಆದರೂ ಎದ್ದು, "ಪುಸ್ತಕ ಮುಚ್ಚಿಸಿ, ಅದರ ಪದಗಳನ್ನೇ ಬೋರ್ಡಿನ ಮೇಲೆ ಬರೆದು ಓದಿಸಿ ನೋಡಿ" ಎಂದೆ. ಜಾಂಬಿಯಾದಲ್ಲಿ ಆಗ ಮಧ್ಯಾಹ್ನ, ಇನ್ನೂ ಶಾಲೆ ಬಿಟ್ಟಿರಲಿಲ್ಲ. ಫೋನ್ ಮಾಡಿದಾಗ ಹೆಡ್‌ಮಾಸ್ಟರು ಅದೇ ಪದಗಳನ್ನು ಹಿಂದುಮುಂದು ಮಾಡಿ ಬೋರ್ಡಿನ ಮೇಲೆ ಬರೆದರಂತೆ. ತಂಡಿವೆ ಒಂದಕ್ಷರವನ್ನೂ ಗುರುತಿಸಲಿಲ್ಲವಂತೆ.

ಅಚ್ಚು ನಿಲ್ಲಿಸಿದ್ದಾರೆ. ಅಕ್ಷರದಿಂದ ಮತ್ತೆ ಕಲಿಸಲು ಸೋಮವಾರ ನಾನೇ ಆ ಶಾಲೆಗೆ ಹೊರಡುತ್ತಿದ್ದೇನೆ. ಎರಡು ತಿಂಗಳಿಗಾಗುವಷ್ಟು ಬಿ.ಪಿ. ಮಾತ್ರೆ ಲಾವಣ್ಯಾ ತಂದುಕೊಟ್ಟಿದ್ದಾಳೆ, ಅದರ ಯೋಚನೆ ಬೇಡ.

ನನಗಿರುವ ಹೆದರಿಕೆಯೇ ಬೇರೆ, ಅಕ್ಕ. ಆ ಕ್ಲಾಸಿನಲ್ಲಿ ಐವತ್ತೆಂಟು ಮಕ್ಕಳಿದ್ದಾರೆ. ಎಲ್ಲರಿಗಿಂತ ಚೆನ್ನಾಗಿ ಓದುತ್ತಾಳೆಂದು ವಿಡಿಯೊಗೆ ಆರಿಸಿದ್ದು ಇವಳನ್ನು.

ನಿನ್ನ ತಂಗಿ
ಸರ್ವಮಂಗಳಾ