ಶಾಲೆಯ ಅಂಗಳದಲ್ಲಿ ಸಿಕ್ಕ ನಮ್ಮೂರಿನವನು

ಫ್ರಾನ್ಸ್, ಸೆಪ್ಟೆಂಬರ್ ೧೯೪೪

ಮಾಕ್ರೀನೆ ಅಕ್ಕ,

ಭುಜದ ಗಾಯ ಮಾಯಿದೆ, ಊಟ ಸೇರುತ್ತಿದೆ. ಟ್ಯೂನಿಸ್‌ನಲ್ಲಿ ಕೂತು ಚಿಂತೆ ಮಾಡಬೇಡ.

ನಿನ್ನೆ ಜರ್ಮನ್ ಸಮವಸ್ತ್ರದ ನಲವತ್ತು ಜನ ನಮಗೆ ಶರಣಾದರು. ಅವರ ಮಾತು ಯಾರಿಗೂ ತಿಳಿಯದೆ ಫ್ರೆಂಚ್ ಕರ್ನಲ್ ನನ್ನನ್ನು ಕರೆಸಿದರು. ಶಾಲೆಯ ಅಂಗಳಕ್ಕೆ ಹೋದರೆ ಕೇಳಿಸಿದ್ದು ನಮ್ಮ ಜಾರ್ಜಿಯನ್ ಭಾಷೆ. ರಷ್ಯದ ಸೈನ್ಯದಲ್ಲಿದ್ದು ಸೆರೆಸಿಕ್ಕು, ಹಸಿವು ತಾಳದೆ ಜರ್ಮನರ ಕಡೆ ಸೇರಿದವರು. ಅವರಲ್ಲೊಬ್ಬ ನಮ್ಮೂರಿನ ಕಮ್ಮಾರನ ಮಗ ತೇದೋ. ನನ್ನ ಹೆಸರು ಕೇಳಿ ಎದ್ದು ಟೋಪಿ ತೆಗೆದ. ಆಮೇಲೆ ಧಣಿಗಳ ಕಾಲ ಮುಗಿದದ್ದು ನೆನಪಾದವನಂತೆ ಮತ್ತೆ ಹಾಕಿಕೊಂಡ.

"ಜರ್ಮನರ ಅಂಗಿ ತೊಡೋಕೆ ನಾಚ್ಕೆ ಆಗ್ಲಿಲ್ವೇನೋ?" ಎಂದೆ.

"ಆಗ್ದೆ ಇರುತ್ತಾ ಧಣಿ? ನೀವು ಇಪ್ಪತ್ತು ವರ್ಷದಿಂದ ಫ್ರೆಂಚರದ್ದು ತೊಟ್ಟಿದ್ದೀರಿ, ನಾನು ಎರಡು ವರ್ಷ ಜರ್ಮನರದ್ದು. ನಮ್ಮ ದೇಶದ್ದು ಇಬ್ಬರ ಹತ್ರಾನೂ ಇಲ್ವಲ್ಲ."

ಸಿಗರೇಟು ಹಚ್ಚಿಕೊಟ್ಟು, ರಷ್ಯದವರು ಜಾರ್ಜಿಯಾ ಹಿಡಿದು ನಾವು ದೇಶ ಬಿಟ್ಟಾಗಿನಿಂದ ಸುದ್ದಿಯೇ ಇಲ್ಲದ ಅಮ್ಮನ ಬಗ್ಗೆ ಕೇಳಿದೆ.

"ನಿಮ್ಮ ದೊಡ್ಮನೆ ಸರ್ಕಾರದೋರು ಕಿತ್ಕೊಂಡ ಮೇಲೆ ನಮ್ಮನೇಲೇ ಇದ್ರು. ನಾವು ಉಂಡಿದ್ದನ್ನೇ ಉಂಡ್ರು. ಮೂವತ್ತೊಂದರ ಚಳಿಗಾಲದಲ್ಲಿ ಹೋಗ್ಬಿಟ್ರು. ಗುಂಡಿ ತೋಡಿದ್ದು ನಾನೇ," ಎಂದ.

ಈ ನಲವತ್ತು ಜನಕ್ಕೂ ನಾನೇ ಹೊಣೆಯೆಂದು ಕರ್ನಲ್‌ಗೆ ಬರೆದುಕೊಟ್ಟೆ. ಇಂದಿನಿಂದ ನನ್ನ ತುಕಡಿಯಲ್ಲಿದ್ದಾರೆ. ತೇದೋ ನನ್ನ ಲಾರಿಯಲ್ಲೇ ಕೂತಿದ್ದಾನೆ, ಹೊರಡುವ ಹೊತ್ತಾಯಿತು.

ಅಕ್ಕ, ಇಷ್ಟು ವರ್ಷ ನೀನು ಚರ್ಚಿನಲ್ಲಿ ಅಮ್ಮನ ಮೇಣದಬತ್ತಿಯನ್ನು ಬದುಕಿರುವವರ ಸಾಲಿನಲ್ಲಿ ಹಚ್ಚುತ್ತಿದ್ದೆ. ಈ ಭಾನುವಾರ ಪಕ್ಕದ ಸಾಲಿನಲ್ಲಿ ಹಚ್ಚು.

ನಿನ್ನ ತಮ್ಮ,
ಎಲಿಜ್ಬಾರ್