ಮೂರನೇ ಹಂತದಲ್ಲಿ ನೀನಿದ್ದೀಯ

ಮಂಗಳವಾರ, ಸಂಜೆ ಐದು

ನನ್ನ ಗಟ್ಟಿಗಿತ್ತಿ ಅಮ್ಮನಿಗೆ,

ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ನಿನ್ನ ಫೋನು ಮಿಲ್ಲಿನ ಹಾಸ್ಟೆಲ್ ವಾರ್ಡನ್ ಬೀರುವಿನಲ್ಲಿದೆ, ಅದಕ್ಕೇ ಈ ಕಾಗದ. ಬುಧವಾರ ಬೆಳಗ್ಗೆ ಕ್ಯಾಂಟೀನಿಗೆ ತರಕಾರಿ ತರುವಾಗ ಚಿಕ್ಕಮ್ಮ ಕೊಡುತ್ತಾಳೆ. ಓದಿ ಅವಳಿಗೇ ವಾಪಸ್ ಕೊಡು, ಒಲೆಗೆ ಹಾಕಲಿ. ಮುಖ್ಯವಾದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಮೇಲಿನ ಆಫೀಸಿಗೆ ಕರೆದರೆ ಒಬ್ಬಳೇ ಹೋಗಬೇಡ. 'ಎರಡು ನಿಮಿಷ ಬಂದು ಹೋಗಮ್ಮ' ಎಂದರೂ ಹೋಗಬೇಡ. ನಿನ್ನ ಪಾಳಿಯ ಹೆಂಗಸರನ್ನೆಲ್ಲ ಕರೆದುಕೊಂಡೇ ಮೆಟ್ಟಿಲು ಹತ್ತು.

ಯಾಕೆ ಅಂತ ಹೇಳುತ್ತೇನೆ. ನಮ್ಮ ತರಬೇತಿ ಕೇಂದ್ರದಲ್ಲಿ ಐದು ಜನ ಸೇರಿ ಒಂದು ವಿಡಿಯೋ ಗೇಮ್ ಮಾಡಬೇಕು, ಅದೇ ಕೊನೆಯ ಪರೀಕ್ಷೆ. ನನಗೆ ಬೇರೆ ಕಥೆ ಎಲ್ಲಿಂದ ಬರಬೇಕು? ಮಿಲ್ಲಿನಲ್ಲಿ ನಿನ್ನ ಜೊತೆ ದುಡಿಯುತ್ತಿದ್ದ ಗುಬ್ಬಿಯಕ್ಕನ ಕಥೆಯನ್ನೇ ಹೇಳಿದೆ. ಬಟ್ಟೆಗೆ ಬಣ್ಣ ಹಿಡಿಸುವ ಹಬೆ ಕೋಣೆಗೆ ಹೊರಗಿನಿಂದ ಚಿಲಕ ಹಾಕಿದ್ದು, ಅವಳು ಒಳಗೇ ಬೆಂದುಹೋದದ್ದು, 'ಕೆಲಸ ಬಿಟ್ಟು ಓಡಿಹೋದಳು' ಎಂದು ಹಾಜರಿ ಪುಸ್ತಕದಲ್ಲಿ ಬರೆದುಕೊಂಡದ್ದು. ಕಂಡವರು ನೀವು ಮೂವರು. ಬಾಯಿಬಿಟ್ಟವಳು ನೀನೊಬ್ಬಳು, ಅದೂ ನನ್ನ ಮುಂದೆ ಮಾತ್ರ.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದಾರು. ಅದಕ್ಕೇ ಮಾಯಾಲೋಕದ ಆಟ ಮಾಡೋಣ ಎಂದೆ, ರಾಕ್ಷಸ ಬಂದು 'ಅದು ನಾನೇ' ಅಂತ ಕೇಸು ಹಾಕ್ತಾನಾ ಎಂದು ನಕ್ಕೆ. ಎಂಥ ಮಾಯಾಲೋಕ ಎಂಬುದಕ್ಕೆ ಎರಡು ದಿನ ಜಗಳ. ಕೋಡ್ ಬರೆಯುವ ನಮ್ಮ ಗೂಬೆಗೆ ಕತ್ತಲ ಕೋಟೆ, ಎಲುಬು, ಬಾವಲಿ ಬೇಕು. ಚಿತ್ರ ಬರೆಯುವ ಹುಡುಗಿ, ನಾವು ಪೆನ್ಸಿಲ್ ಅಂತ ಕರೆಯುವವಳು, ಅವನನ್ನು ತರಾಟೆಗೆ ತೆಗೆದುಕೊಂಡಳು: ಲೋ, ಬಾವಲಿ ನೇತಾಡೋ ಕೋಟೆಗೆ ಯಾವ ಮುಠ್ಠಾಳ ಕೆಲಸ ಕೇಳ್ಕೊಂಡು ಹೋಗ್ತಾನೆ? ಅರಮನೆ ಮಿಠಾಯಿ ಥರ ಇರಲಿ. ಗುಲಾಬಿ ಗೋಡೆ, ನೀಲಿ ಹೊಗೆ, ಬಾಗಿಲಲ್ಲಿ ನಗೋ ಕಾವಲುಗಾರ. ಒಳಗೆ ಹೋದ್ಮೇಲೆ ಗೊತ್ತಾಗಲಿ. ಗೂಬೆ ಬಾವಲಿಗಳನ್ನು ಅಳಿಸಿದ. ಮಕ್ಕಳ ಕಥೆಯ ಬಣ್ಣವೇ ಗಟ್ಟಿಯಾಯಿತು.

ಯೋಜನೆಯ ಪಟ್ಟಿ ಬರೆಯುವ ಕೆಲಸ ನನ್ನದು. ಹಂತ, ಜಾಗ, ಪಾತ್ರ, ಪಾತ್ರ ಕಂಡದ್ದೇನು, ಕೊನೆಗೆ 'ಮಾದರಿ' ಎಂಬ ಕಾಲಂ. ಯಾರನ್ನು ನೋಡಿ ಬರೆಯಬೇಕೆಂದು ಗೊತ್ತಿಲ್ಲದಿದ್ದರೆ ಪೆನ್ಸಿಲ್ ಕೈಯೇ ಓಡುವುದಿಲ್ಲ. ಮಿಲ್ಲಿನ ಗೇಟಿನ ಹತ್ತಿರ ನಿಂತು ನಡಿಗೆ ನೋಡಿಕೊಂಡು ಬರುತ್ತಾಳೆ. ಒಂದನೇ ಹಂತ, ಬೆಂಕಿ ಕಾಯುವ ಮುದುಕ: ಬಾಯ್ಲರ್ ತಾತ. ಎರಡನೇದು, ನೆರಳು ಗುಡಿಸುವವಳು: ಕಸ ಗುಡಿಸುವ ದೊಡ್ಡಕ್ಕ. ಮೂರನೇದು, ಚಿಲಕ ಕಂಡವಳು: ನನ್ನ ಅಮ್ಮ.

ಮೇಷ್ಟ್ರಿಗೆ ಕಳಿಸುವ ಮುಂಚೆ ಆ ಕಾಲಂ ಕಂಪ್ಯೂಟರಿನಲ್ಲಿ ಕಾಣದ ಹಾಗೆ ಮುಚ್ಚಿಟ್ಟೆ. ಅಳಿಸಲಿಲ್ಲ, ಅಮ್ಮ. ಪೆನ್ಸಿಲ್‌ಗೆ ಇನ್ನೂ ಬೇಕಿತ್ತು. ಹಾಗೆ ಮುಚ್ಚಿಟ್ಟದ್ದು ಎರಡು ಸಲ ಒತ್ತಿದರೆ ತೆರೆದುಕೊಳ್ಳುತ್ತದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು ನನ್ನ ಬುದ್ಧಿವಂತಿಕೆ. ಕೇಂದ್ರದ ಸೂರು, ಕಂಪ್ಯೂಟರು, ನಾವು ಕೂರುವ ಕುರ್ಚಿ, ಎಲ್ಲ ಮಿಲ್ಲಿನವರ ದಾನ. ಅದೂ ನನಗೆ ಗೊತ್ತಿತ್ತು. ಮೇಷ್ಟ್ರು ಪಟ್ಟಿಯನ್ನು ನೇರ ಅವರಿಗೇ ಮುಟ್ಟಿಸಿದರು.

ಹೋದ ವಾರ ಸೋಮವಾರ ತಾತನನ್ನು ಮೇಲಕ್ಕೆ ಕರೆದರು. ಅವನ ಊಟದ ಡಬ್ಬಿ ಇನ್ನೂ ಬಾಯ್ಲರ್ ಪಕ್ಕದಲ್ಲೇ ಇದೆಯಂತೆ. ಗುರುವಾರ ದೊಡ್ಡಕ್ಕ. ಬೇರೆ ಘಟಕಕ್ಕೆ ಹಾಕಿದ್ದಾರೆ ಅನ್ನುತ್ತಾರೆ. ಯಾವ ಘಟಕ, ಎಲ್ಲಿದೆ, ಒಬ್ಬರಿಗಾದರೂ ಗೊತ್ತಾ? ನಮ್ಮ ಪಟ್ಟಿಯ ಕ್ರಮದಲ್ಲೇ ಕರೆಯುತ್ತಿದ್ದಾರೆ. ನಮ್ಮ ಆಟವನ್ನು ಅವರು ಆಡುತ್ತಿದ್ದಾರೆ.

ನಿನ್ನೆ ಅವರ ಅಧಿಕಾರಿಯೊಬ್ಬ ಕೇಂದ್ರಕ್ಕೆ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಬೆಣ್ಣೆಯಂಥ ಮಾತು. ಗುಲಾಬಿ ಅರಮನೆ ನೋಡಿ, ಎಷ್ಟು ಮುದ್ದಾಗಿದೆ ಅಂದ. ಆಮೇಲೆ ನನ್ನ ಕಡೆ ತಿರುಗಿ, ಮೂರನೇ ಹಂತ ಯಾವಾಗ ಮುಗಿಸ್ತೀಯಮ್ಮ ಎಂದು ಕೇಳಿದ. ಮೇಷ್ಟ್ರು ನೆಲ ನೋಡುತ್ತಿದ್ದರು.

ಹೆದರು ಅಂತ ನಾನು ಬರೆಯುತ್ತಿಲ್ಲ. ಒಂಟಿಯಾಗಿ ಕಂಡವಳ ಬಾಯಿಗೆ ಬೀಗ ಹಾಕುವುದು ಅವರಿಗೆ ಸಲೀಸು. ಪಾಳಿಗೆ ನೂರಿಪ್ಪತ್ತು ಹೆಂಗಸರಿದ್ದೀರಿ. ನೂರಿಪ್ಪತ್ತು ಬಾಯಿ ಒಟ್ಟಿಗೆ ತೆರೆದರೆ ಅಷ್ಟು ಬೀಗ ಯಾವ ಅಂಗಡಿಯಿಂದ ತರುತ್ತಾರೆ? ಇದನ್ನು ಓದಿದ ಕೂಡಲೇ ಎಲ್ಲರಿಗೂ ಹೇಳಿಬಿಡು.

ನಿನ್ನ
ಬಾಯಿಬಡುಕಿ

ಮರೆಮಾಚಿದ ಮಾತು: ಇದನ್ನು ಬರೆಯದೆಯೇ ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ನಿನ್ನೆ ಆ ಅಧಿಕಾರಿ ನನ್ನ ಮುಂದೆ ಒಂದು ಕಾಗದ ಇಟ್ಟ. ಆಟದಲ್ಲಿರುವುದೆಲ್ಲ ಕಟ್ಟುಕಥೆ, ಹಬೆ ಕೋಣೆಯಲ್ಲಿ ಯಾರೂ ಸತ್ತಿಲ್ಲ, ನನ್ನ ತಾಯಿ ನನಗೆ ಏನೂ ಹೇಳಿಲ್ಲ ಎಂದಿತ್ತು. ಸಹಿ ಹಾಕಿದರೆ ನಿಮ್ಮಮ್ಮನ ತಂಟೆಗೆ ಬರಲ್ಲ ಅಂದ. ಹಾಕಿದೆ. ಇವತ್ತು ಮೇಲಿನ ಆಫೀಸಿಗೆ ಚಹಾ ಕೊಡಲು ಹೋದ ಚಿಕ್ಕಮ್ಮ ಅಲ್ಲಿನ ಬೋರ್ಡು ನೋಡಿ ಬಂದಿದ್ದಾಳೆ: ಬುಧವಾರ ಬೆಳಗ್ಗೆ ಹತ್ತು ಗಂಟೆಗೆ ನಿನ್ನ ಹೆಸರು. ಆ ಕಾಗದವನ್ನು ನಿನ್ನ ಮುಖಕ್ಕೆ ಹಿಡಿಯುತ್ತಾರೆ. ಸಹಿ ನನ್ನದೇ, ಅನುಮಾನ ಬೇಡ. ಅದರ ಮೇಲೆ ಉಗಿ. ಉಗಿದು, ಕಂಡದ್ದನ್ನು ಹೇಳು.