ಮೂವತ್ತೊಂದು ಸ್ಕರ್ತ್‌ವೇಟರು

6, ಗಾರ್ನೆಟ್ ಬೀದಿ,
ಆಟರ್‌ಬೆಕ್, ಯಾರ್ಕ್‌ಶೈರ್
ಭಾನುವಾರ, 19 ಜುಲೈ 1998

ಪ್ರೀತಿಯ ಮಗನೇ ಕ್ಲೈವ್,

ಹೇಗಿದ್ದೀಯೋ? ಕೆಮ್ಮು ಬಿಟ್ಟಿತೇ? ಬಲಗಡೆಯ ದವಡೆಹಲ್ಲು ಅಲ್ಲಾಡುತ್ತಿದೆ ಎಂದು ಏಪ್ರಿಲ್‌ನಲ್ಲಿ ಬರೆದಿದ್ದೆಯಲ್ಲ, ಅಲ್ಲಿಯ ದಂತವೈದ್ಯರು ನೋಡಿದರೋ, ಇಲ್ಲ ನೀನೇ ಎಂದಿನಂತೆ ಬಾಯಿ ಮುಚ್ಚಿಕೊಂಡು ಕೂತಿದ್ದೀಯೋ? ನಾಲ್ಕು ವರ್ಷದವನಿದ್ದಾಗಲೂ ನೋವೆಂದು ಬಾಯಿಬಿಟ್ಟವನಲ್ಲ ನೀನು. ಜೈಲಿನ ಲಾಂಡ್ರಿಯಲ್ಲಿ ಕೆಲಸಕ್ಕೆ ಹಾಕಿದ್ದಾರೆಂದು ಜನೀನ್ ಹೇಳಿದಳು. ಮನೆಯಲ್ಲಿ ತನ್ನ ಒಂದು ಕಾಲುಚೀಲ ಒಗೆಯದವನು ಈಗ ಮುನ್ನೂರು ಜನರ ಹಾಸಿಗೆಬಟ್ಟೆ ಒಗೆಯುತ್ತಿದ್ದಾನೆ ಎಂದು ಅತ್ತೆ ಸೊಸೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹೌದು ಕಣೋ, ನಕ್ಕೆವು. ಈ ಮನೆಯಲ್ಲಿ ಮತ್ತೆ ನಗು ಕೇಳಿಸುತ್ತಿದೆ, ಅದಕ್ಕೇ ಈ ಉದ್ದದ ಪತ್ರ. ನನ್ನ ಮಂಡಿ ಹೇಗಿತ್ತೋ ಹಾಗೇ ಇದೆ, ಅದರ ಸುದ್ದಿ ಬೇಡ. ಟೀ ಮಾಡಿಕೊಂಡು ಕೂತಿದ್ದೇನೆ, ನೀನೂ ಸಾವಕಾಶವಾಗಿ ಓದು.

ಮೇ ತಿಂಗಳಲ್ಲಿ ನೀನು ಬರೆದ ಪತ್ರ ಓದಿ ನನಗೆ ಮೊದಲು ಅಳು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ಮಗಳ ಹೆಸರು ಬದಲಾಯಿಸುವ ಕಾಗದಕ್ಕೆ ಸಹಿ ಹಾಕಿ ಕಳಿಸಿದ್ದೇನೆ, ಬೆಥನಿ ಇನ್ನು ಮುಂದೆ ಅವಳ ತಾಯಿಯ ತವರಿನ ಹೆಸರಲ್ಲಿ ವಾಕರ್ ಆಗಿ ಇರಲಿ, ಅಕ್ಟೋಬರ್‌ನಲ್ಲಿ ಬಿಟ್ಟ ಮೇಲೆ ನಾನು ಹಲ್ ಊರಿಗೆ ಹೋಗಿ ಎಲ್ಲಾದರೂ ಇರುತ್ತೇನೆ, ಆಟರ್‌ಬೆಕ್‌ನಲ್ಲಿ ಮುಖ ತೋರಿಸುವುದಿಲ್ಲ ಎಂದು ಬರೆದೆ. ಅಂದಿನಿಂದ ಒಂದು ಭೇಟಿಚೀಟಿಯನ್ನೂ ಕಳಿಸಿಲ್ಲ. ಚೀಟಿ ಇಲ್ಲದೆ ಒಳಗೆ ಬಿಡುವುದಿಲ್ಲವೆಂದು ಗೊತ್ತಿದ್ದೂ ಜೂನ್‌ನಲ್ಲಿ ಒಂದು ಸಲ ಬಸ್ಸು ಹತ್ತಿ ನಿಮ್ಮ ಗೇಟಿನವರೆಗೆ ಬಂದು ವಾಪಸಾದೆ. ಇದನ್ನು ಜನೀನ್‌ಗೆ ಹೇಳಿಲ್ಲ.

ನೀನು ಮಾಡಿದ್ದು ಸಣ್ಣ ತಪ್ಪೆಂದು ನಾನು ಯಾವತ್ತೂ ಹೇಳಿಲ್ಲ, ಇವತ್ತೂ ಹೇಳುವುದಿಲ್ಲ. ಮಧ್ಯಾಹ್ನ ಮೂರು ಗ್ಲಾಸು ಬಿಯರ್ ಕುಡಿದು ವ್ಯಾನ್ ಓಡಿಸಿದೆ. ಶಾಲೆಯ ಮುಂದೆ ಕೋಲು ಹಿಡಿದು ಮಕ್ಕಳನ್ನು ರಸ್ತೆ ದಾಟಿಸುವ ಮಿಸೆಸ್ ಅಕ್ರಾಯ್ಡ್ ಅವರಿಗೆ ಗುದ್ದಿ ಕಾಲು ಮುರಿದೆ, ಇಳಿದು ನೋಡದೆ ಹೋದೆ. ಗುದ್ದಿದ್ದಕ್ಕಿಂತ ನಿಲ್ಲದೆ ಹೋದೆಯಲ್ಲ, ಅದು ನನ್ನ ಕರುಳು ಸುಟ್ಟಿತು. ಆದರೆ ಬೇರೆ ತಾಯಂದಿರಿಗೆ ಇಲ್ಲದ ಇನ್ನೊಂದು ಕಷ್ಟ ನನಗೆ ಬಂತು ನೋಡು. ಮಾರ್ಚ್‌ನಲ್ಲಿ ನ್ಯಾಯಾಲಯದ ಸುದ್ದಿ ಪತ್ರಿಕೆಯಲ್ಲಿ ಬಂದಾಗ ನಿನ್ನ ಹೆಸರು ಸ್ಮಿತ್ ಎಂದಿದ್ದರೆ ಜನ ಓದಿ ಮಡಿಸಿಡುತ್ತಿದ್ದರು. ಸ್ಕರ್ತ್‌ವೇಟ್ ಎಂದರೆ ಈ ಸೀಮೆಯಲ್ಲಿ ನಾವೊಬ್ಬರೇ! ಫೋನಿನ ಪುಸ್ತಕ ತೆರೆದರೆ ಒಂದೇ ಸಾಲು, ಆ ಸಾಲಿನ ತುದಿಯಲ್ಲಿ ನನ್ನ ನಂಬರು. ಎರಡು ವಾರ ಯಾರ‍್ಯಾರೋ ಫೋನ್ ಮಾಡಿ ಬೈದರು. ಬೆಥನಿಯ ತರಗತಿಯಲ್ಲಿ ಹಾಜರಿ ಕರೆಯುವಾಗ ಅವಳ ಹೆಸರು ಬಂದರೆ ಸಾಕು, ಮಕ್ಕಳೆಲ್ಲ ಸೇರಿ ವ್ಯಾನು ಬ್ರೇಕ್ ಹಾಕಿದ ಹಾಗೆ ಕಿರ‍್ರೆಂದು ಸದ್ದು ಮಾಡುತ್ತಿದ್ದರು. ಅವಳು ಹಾಜರ್ ಎನ್ನುವುದನ್ನೇ ಬಿಟ್ಟಳು. ಸೆಪ್ಟೆಂಬರ್‌ನಲ್ಲಿ ಹೈಸ್ಕೂಲು, ಅಲ್ಲಿ ಹೊಸ ಹೆಸರಲ್ಲಿ ಹೋಗಲಿ ಎಂದು ಜನೀನ್ ಆ ಕಾಗದ ತರಿಸಿದ್ದು ಅದಕ್ಕೇ. ಅವಳನ್ನು ಬೈಯುವ ಹಾಗಿಲ್ಲ.

ಬೈಯಲು ನನಗೆ ಯಾವ ಬಾಯಿಯೂ ಇಲ್ಲ, ಯಾಕೆಂದರೆ ನಾನೂ ಅದನ್ನೇ ಮಾಡಲು ಹೋಗಿದ್ದೆ. ನಗಬೇಡ. ನಾನು ಹುಟ್ಟಾ ಸ್ಮಿತ್ ಅಲ್ಲವೇ, ಶಾಲೆಯಲ್ಲಿ ನನ್ನ ತರಗತಿಯಲ್ಲೇ ಐದು ಜನ ಸ್ಮಿತ್‌ಗಳಿದ್ದೆವು, ನನ್ನನ್ನು ಕರೆಯುತ್ತಿದ್ದದ್ದು ಕೆಂಪುಕೂದಲಿನ ಸ್ಮಿತ್ ಎಂದು. ನಿಮ್ಮಪ್ಪ ಹೆಡ್ಲಿಯನ್ನು ಒಪ್ಪಿಕೊಂಡದ್ದಕ್ಕೆ ಅವರ ಹೆಸರೂ ಒಂದು ಕಾರಣ ಎಂದು ಅವರಿಗೆ ಕೊನೆಯವರೆಗೂ ಹೇಳಲಿಲ್ಲ, ಹೇಳಿದ್ದರೆ ತಲೆಯ ಮೇಲೆ ಕೂರುತ್ತಿದ್ದರು. ಮೇ ತಿಂಗಳಲ್ಲಿ ಕಾಲುಗುರಿನ ವೈದ್ಯರ ಬಳಿ ಹೋದಾಗ ಹೆಸರು ಕೇಳಿದರೆ ಬಾಯಿಗೆ ಬಂದದ್ದು ಮಿಸೆಸ್ ಸ್ಮಿತ್. ಆಮೇಲೆ ಹೊರಗೆ ಕೂತು ಪತ್ರಿಕೆ ತಿರುವುತ್ತಿದ್ದೆ. ಆ ಹುಡುಗಿ ಮಿಸೆಸ್ ಸ್ಮಿತ್, ಮಿಸೆಸ್ ಸ್ಮಿತ್ ಎಂದು ಮೂರು ಸಲ ಕರೆದಳು. ಬೇರೆ ಇಬ್ಬರು ಹೆಂಗಸರು ಎದ್ದು ನಿಂತರು, ನಾನು ಮಾತ್ರ ರಾಜಮನೆತನದ ಮದುವೆಯ ಚಿತ್ರ ನೋಡುತ್ತ ಕೂತಿದ್ದೆ. ನನ್ನ ಸರದಿ ಹೋಯಿತು. ನಲವತ್ತನಾಲ್ಕು ವರ್ಷದ ಕೆಳಗೆ ಬಿಟ್ಟ ಹೆಸರು, ಕಿವಿಗೇ ಮರೆತುಹೋಗಿದೆ.

ಈಗ ಮುಖ್ಯ ಸಂಗತಿ. ಏಪ್ರಿಲ್‌ನಲ್ಲಿ ಒಂದು ಲಕೋಟೆ ಬಂದಿತ್ತು, ಹಿಂದೆ ಕಳಿಸಿದವರ ಹೆಸರು: ಮಿಸ್ ಮ್ಯೂರಿಯಲ್ ಸ್ಕರ್ತ್‌ವೇಟ್, ವ್ಹಿಟ್‌ಬಿ. ಯಾರೋ ದೂರದ ಸಂಬಂಧಿಕರು, ಮನೆತನದ ಹೆಸರು ಕೆಡಿಸಿದಿರಿ ಎಂದು ಛೀಮಾರಿ ಹಾಕಲು ಬರೆದಿದ್ದಾರೆ ಅಂದುಕೊಂಡು ಗಡಿಯಾರದ ಹಿಂದೆ ಸಿಕ್ಕಿಸಿದೆ. ಎರಡು ತಿಂಗಳು ಅಲ್ಲೇ ಇತ್ತು. ಜೂನ್ ಕೊನೆಯಲ್ಲಿ ಬೆಥನಿ ಅಂಚೆಚೀಟಿ ಹುಡುಕುತ್ತ ಅದನ್ನು ಕಂಡು, “ಅಜ್ಜೀ, ನಮ್ಮ ಹೆಸರಿನವರು ಇನ್ನೊಬ್ರು ಇದ್ದಾರಾ?” ಎಂದು ಕೇಳಿದವಳೇ ನನ್ನನ್ನು ಕೇಳದೆ ಹರಿದು ಓದಿದಳು. ಆರೇ ಸಾಲು. ನಿಮ್ಮನ್ನು ಹುಡುಕುವವರು ನನಗೂ ಮೂರು ಸಲ ಫೋನ್ ಮಾಡಿ ಬೈದರು, ನನಗೇ ಮೂರಾದರೆ ನಿಮಗೆ ಎಷ್ಟು ಬಂದಿರಬಹುದು, ನೀವು ಊಟ ನಿದ್ದೆ ಸರಿಯಾಗಿ ಮಾಡುತ್ತಿದ್ದೀರಾ, ಇಷ್ಟೇ. ಕ್ಲೈವ್, ಅಡುಗೆಮನೆಯ ಕುರ್ಚಿಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಮಾರ್ಚ್‌ನಿಂದ ಯಾರೂ ನನ್ನನ್ನು ಆ ಮಾತು ಕೇಳಿರಲಿಲ್ಲ.

ಬರೆದೆ, ಜುಲೈ ನಾಲ್ಕಕ್ಕೆ ಬಂದರು. ಎಪ್ಪತ್ತೆಂಟು ವರ್ಷ, ಕಡ್ಡಿಯಂತಹ ಹೆಂಗಸು, ಮದುವೆಯಾಗಿಲ್ಲ, ಮೂವತ್ತೈದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು. ಬಾಯಿ ಅಂದರೆ ಬಾಯಿ! ಬೈದವನಿಗೆ ಏನು ಹೇಳಿದಿರಿ ಎಂದು ಕೇಳಿದೆ. “ನಾನು ಅವನ ತಾಯಿಯಲ್ಲಪ್ಪ, ಆದ್ರೂ ಪೂರ್ತಿ ಬೈದುಬಿಡು, ನನ್ನ ಟೀ ಆರ‍್ತಾ ಇದೆ ಅಂದೆ,” ಎಂದರು. ಒಂದು ಕೈಯಲ್ಲಿ ಓಟ್ಸ್ ಬಿಸ್ಕತ್ತಿನ ಡಬ್ಬಿ, ಇನ್ನೊಂದು ಕೈಯಲ್ಲಿ ಬೂಟಿನ ರಟ್ಟಿನ ಪೆಟ್ಟಿಗೆ. ಪೆಟ್ಟಿಗೆ ತುಂಬ ಕಾರ್ಡುಗಳು. ಎಕ್ಸ್‌ಚೇಂಜಿನಲ್ಲಿ ಇಡೀ ದೇಶದ ಫೋನಿನ ಪುಸ್ತಕಗಳು ಕೈಗೆ ಸಿಗುತ್ತಿದ್ದವಲ್ಲ, ಬಿಡುವಾದಾಗಲೆಲ್ಲ ತಮ್ಮ ಹೆಸರು ಹುಡುಕಿದರಂತೆ. ಆಮೇಲೆ ಚರ್ಚಿನ ದಾಖಲೆ, ಸಮಾಧಿಕಲ್ಲು ಯಾವುದನ್ನೂ ಬಿಟ್ಟಿಲ್ಲ. ಹುಟ್ಟಿದ, ಸತ್ತ ಪ್ರತಿಯೊಬ್ಬ ಸ್ಕರ್ತ್‌ವೇಟ್‌ಗೂ ಒಂದೊಂದು ಕಾರ್ಡು. ಬದುಕಿರುವವರು ಇಡೀ ಪ್ರಪಂಚದಲ್ಲಿ ಮೂವತ್ತೊಂದು ಜನ.

ಗೋಡೆಯ ಮೇಲೆ ನಿಮ್ಮಪ್ಪ ಅಂಚೆಯಲ್ಲಿ ತರಿಸಿದ ಸಿಂಹದ ಗುರಾಣಿ ಇದೆಯಲ್ಲ, ನಮ್ಮ ಮೂಲಪುರುಷ ಫ್ರಾನ್ಸಿನಿಂದ ರಾಜನ ಜೊತೆ ಬಂದ ವೀರ ಎಂದು ಪ್ರತಿ ಕ್ರಿಸ್‌ಮಸ್‌ಗೂ ಭಾಷಣ ಬಿಗಿಯುತ್ತಿದ್ದರಲ್ಲ, ಅದನ್ನು ನೋಡಿ ಮಿಸ್ ಮ್ಯೂರಿಯಲ್ ಮೂಗು ಮುರಿದರು. “ವೀರನೂ ಇಲ್ಲ, ಶೂರನೂ ಇಲ್ಲ. ಹಡಗಲ್ಲಿ ಉತ್ತರದಿಂದ ಬಂದು ಇಲ್ಲಿ ನೆಲೆ ನಿಂತ ರೈತರ ಮಾತು ನಮ್ಮ ಹೆಸರು. ಬಂಡೆ ಇದ್ದ ಜಾಗ ಕಡಿದು, ಕಲ್ಲು ಆಯ್ದು ಮಾಡಿದ ಹೊಲ ಅಂತ ಅರ್ಥ.” ನಮ್ಮ ಕಣಿವೆಯ ಮೇಲ್ತುದಿಯಲ್ಲಿ ಆ ಹೆಸರಿನ ಹೊಲ ಈಗಲೂ ಒಂದಿದೆ, ಮೂವತ್ತೊಂದು ಜನವೂ ಆ ಒಂದು ಹೊಲದಿಂದ ಬಂದವರೇ ಅಂತೆ. ಗುರಾಣಿಯನ್ನು ನಾನು ತೆಗೆದಿಲ್ಲ. ಇರಲಿ, ಗೋಡೆಯ ತೇವದ ಕಲೆ ಮುಚ್ಚುತ್ತದೆ.

ಜನೀನ್, ಬೆಥನಿ ಇಬ್ಬರೂ ಅವತ್ತು ಬಂದಿದ್ದರು, ಬೆಥನಿ ಕಾರ್ಡು ನೋಡುತ್ತ ಕೂತಿದ್ದಳು. ಕುರಿ ಕದ್ದು ಗಡಿಪಾರಾಗಿ ಆಸ್ಟ್ರೇಲಿಯಾ ಸೇರಿದ ಒಬ್ಬ ಸಿಕ್ಕ. ಎರಡು ಊರಲ್ಲಿ ಒಬ್ಬೊಬ್ಬಳು ಹೆಂಡತಿಯನ್ನು ಇಟ್ಟುಕೊಂಡ ಇನ್ನೊಬ್ಬ ಸಿಕ್ಕ. ಇವರನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದಳು. “ಇಟ್ಕೊಳ್ದೆ? ಒಳ್ಳೆಯವರನ್ನ ಮಾತ್ರ ಎಣಿಸಿದ್ರೆ ಅದು ಲೆಕ್ಕ ಆಗುತ್ತಾ ಮಗು, ಬಡಾಯಿ ಆಗುತ್ತೆ,” ಎಂದರು ಆಕೆ. ಆಮೇಲೆ ಹುಡುಗಿ ನೆಲ ನೋಡುತ್ತ, ತಾನು ವಾಕರ್ ಆದರೆ ತನ್ನ ಕಾರ್ಡು ಏನಾಗುತ್ತದೆ ಎಂದು ಕೇಳಿದಳು. ಜನೀನ್ ಕೈಯಲ್ಲಿದ್ದ ಕಪ್ಪು ಅಲ್ಲೇ ನಿಂತಿತು. ಮಿಸ್ ಮ್ಯೂರಿಯಲ್ ಮಾತ್ರ ಬಿಸ್ಕತ್ತು ಜಗಿಯುತ್ತಲೇ ಹೇಳಿದರು: “ಏನೂ ಆಗಲ್ಲ. ವಾಕರ್ ಆದಳು ಅಂತ ಪೆನ್ಸಿಲ್ಲಲ್ಲಿ ಬರೀತೀನಿ, ಬದುಕಿರೋರದ್ದೆಲ್ಲ ಪೆನ್ಸಿಲ್ಲೇ, ಜನ ಬದಲಾಯಿಸ್ತಾ ಇರ‍್ತಾರೆ. ಕಾರ್ಡು ಇಲ್ಲೇ ಇರುತ್ತೆ. ನಿನಗೆ ಯಾವುದು ಹಗುರ ಅನ್ಸುತ್ತೋ ಅದು ಮಾಡು.” ಆಕೆ ಬೇಡ ಅನ್ನಲಿಲ್ಲ ನೋಡು, ಅದಕ್ಕೇ ಹುಡುಗಿಗೆ ಉಸಿರು ಬಂತು. ನಾನಾಗಿದ್ದರೆ ಅಜ್ಜನ ಆಣೆ ಹಾಕಿಸಿ ಎಲ್ಲ ಕೆಡಿಸುತ್ತಿದ್ದೆ.

ಮುಂದಿನ ಶನಿವಾರ ನಾನು, ಜನೀನ್, ಬೆಥನಿ ಮೂವರೂ ಬಸ್ಸಿನಲ್ಲಿ ಆ ಹೊಲ ನೋಡಲು ಹೋದೆವು. ನೋಡುವುದಕ್ಕೆ ಏನಿದೆ, ಇಳಿಜಾರು, ನಾಲ್ಕು ಕುರಿ, ಸುತ್ತ ಕಲ್ಲುಗೋಡೆ. ಬೆಥನಿ ಹುಲ್ಲಿನಿಂದ ಒಂದು ಕಲ್ಲು ಎತ್ತಿ ಗೋಡೆಯ ಮೇಲಿಡಲು ಹೋದಳು, ಎಲ್ಲಿದ್ದನೋ ಹೊಲದವನು, “ಏಯ್, ಗೋಡೆ ಮುಟ್ಬೇಡ!” ಎಂದು ಕೂಗುತ್ತ ಬಂದ. ನಮ್ಮ ಹೆಸರು ಹೇಳಿದೆ. ಅವನು ನಿನ್ನ ಸುದ್ದಿ ಓದಿದ್ದನೋ ಇಲ್ಲವೋ, ನಾನಂತೂ ಬೆಥನಿಯ ಕೈ ಹಿಡಿದುಕೊಂಡೆ. ಅವನು ಟೋಪಿ ಹಿಂದೆ ತಳ್ಳಿ, “ನಿಮ್ಮೋರು ಸಾವಿರ ವರ್ಷ ಆಯ್ದ್ರೂ ಮುಗಿದಿಲ್ಲ ಕಣಮ್ಮ, ಪ್ರತಿ ಚಳಿಗಾಲಕ್ಕೂ ಹೊಸ ಕಲ್ಲು ಮೇಲೆ ಬರ‍್ತವೆ. ಬಂದಿದ್ದೀರಲ್ಲ, ಇನ್ನೊಂದ್ ನಾಲ್ಕು ಆಯ್ದು ಹೋಗಿ,” ಎಂದ. ಆಯ್ದೆವು! ನನ್ನ ಮಂಡಿ ಮೂರು ದಿನ ಬೈಯಿತು.

ಮೊನ್ನೆ ಮಂಗಳವಾರ ಶಾಲೆಯಲ್ಲಿ ಮತ್ತೆ ಆ ಕಿರ‍್ರೆನ್ನುವ ಸದ್ದು. ಬೆಥನಿ ಎದ್ದು ನಿಂತು, “ಇದ್ದೀನಿ ಸರ್. ಇಡೀ ಪ್ರಪಂಚದಲ್ಲಿ ನಾವು ಮೂವತ್ತೊಂದೇ ಜನ ಇರೋದು, ಸ್ವಲ್ಪ ಮರ್ಯಾದೆ ಕೊಡಿ,” ಎಂದಳಂತೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಪಾಂಡಾಗಳೇ ನಿಮಗಿಂತ ಜಾಸ್ತಿ ಇದ್ದಾವಲ್ಲೇ!” ಎಂದಳು, ತರಗತಿಯೆಲ್ಲ ನಕ್ಕಿತು, ಬೆಥನಿಯೂ ನಕ್ಕಳು. ಅಂದಿನಿಂದ ಅವಳ ಹೆಸರು ಪಾಂಡಾ. ಮನೆಗೆ ಬಂದು ಹೇಳುವಾಗ ಅವಳ ಮುಖ ನೋಡಬೇಕಿತ್ತು ನೀನು. ನನ್ನ ಹೊಟ್ಟೆ ತಣ್ಣಗಾಯಿತು.

ಮಿಸೆಸ್ ಅಕ್ರಾಯ್ಡ್ ಮಾಂಸದಂಗಡಿಯಲ್ಲಿ ಸಿಕ್ಕಿದ್ದರು. ಊರುಗೋಲು ಹಿಡಿದು ಓಡಾಡುತ್ತಾರೆ, ಕ್ರಿಸ್‌ಮಸ್ ಕಳೆದ ಮೇಲೆ ಶಾಲೆಯ ಮುಂದೆ ಮತ್ತೆ ನಿಲ್ಲುತ್ತಾರಂತೆ. ನಾನು ತಲೆ ತಗ್ಗಿಸಿ ಹಿಂದೆ ಸರಿದರೆ ಅವರೇ ಕರೆದರು. “ನಿಮ್ಮ ಮಗನ ಕಾಗದ ಓದಿದೆ. ಅಂಚೇಲಿ ಬಂದ ಕ್ಷಮಾಪಣೆ ನಂಗೆ ಬೇಡ. ಬರ‍್ಲಿ, ನನ್ನ ಮುಖ ನೋಡಿ ಕೇಳ್ಲಿ, ಆಮೇಲೆ ಯೋಚ್ನೆ ಮಾಡ್ತೀನಿ,” ಎಂದರು. ಅಂಗಡಿಯಲ್ಲಿದ್ದವರೆಲ್ಲ ಕೇಳಿಸಿಕೊಂಡರು. ನೀನು ಹಲ್‌ನಲ್ಲಿ ಕೂತರೆ ಅವರ ಮುಖ ನೋಡುವುದು ಹೇಗಪ್ಪ? ಜನೀನ್‌ಗೆ ನಿನ್ನ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ನಿನ್ನ ಚಳಿಗಾಲದ ಕೋಟು ಒಗೆಯಲು ಕೊಟ್ಟು ತಂದು ಮಿಲ್ ರೋದ ನಿಮ್ಮ ಮನೆಯ ಬಾಗಿಲ ಹಿಂದೆ ತೂಗುಹಾಕಿದ್ದಾಳೆ.

ಅಂಚೆಪೆಟ್ಟಿಗೆ ತೆರೆಯುವ ಮುನ್ನ ಹಾಕಬೇಕು, ಇಷ್ಟಕ್ಕೆ ನಿಲ್ಲಿಸುತ್ತೇನೆ. ಹಲ್ಲು ತೋರಿಸು. ದೇವರು ನಿನ್ನ ತಲೆ ಕಾಯಲಿ ಮಗನೇ.

ನಿನ್ನನ್ನೇ ನೆನೆಯುತ್ತಿರುವ ಅಮ್ಮ,
ಮೇವಿಸ್ ಸ್ಕರ್ತ್‌ವೇಟ್

ಮರೆತಿದ್ದೆ: ನೀನು ಸಹಿ ಹಾಕಿದ ಕಾಗದಕ್ಕೆ ಜನೀನ್ ಸಹಿ ಹಾಕಿಲ್ಲ. ಬೆಥನಿ ಬೇಡ ಅಂದಳು. ಕಾಗದ ನಿನ್ನ ಕೋಟಿನ ಜೇಬಿನಲ್ಲಿದೆ, ನೀನೇ ಬಂದು ಹರಿ. ಇನ್ನೊಂದು, ಈ ಲಕೋಟೆಯಲ್ಲಿರುವ ಕಾರ್ಡು ನಿನ್ನದು. ಅದರಲ್ಲಿ ಈಗ ಎಲ್ಲಿದ್ದಾರೆ ಎಂಬ ಸಾಲನ್ನು ಮಿಸ್ ಮ್ಯೂರಿಯಲ್ ಖಾಲಿ ಬಿಟ್ಟು, ಏನು ಬರೆಯಲಿ ಎಂದು ನನ್ನನ್ನು ಕೇಳಿದ್ದರು. ನಾನು ಇನ್ನೊಂದು ಕಪ್ಪು ಟೀ ಬಗ್ಗಿಸಿದೆ. ಆಕೆ ಕಾರ್ಡನ್ನು ಮೇಜಿನ ಮೇಲೆ ಬಿಟ್ಟುಹೋದರು. ಬದುಕಿರುವವರು ತಮ್ಮ ಕಾರ್ಡನ್ನು ತಾವೇ ಓದಿ, ತಪ್ಪಿದ್ದರೆ ತಿದ್ದಿ, ಸಹಿ ಹಾಕಿ ಕಳಿಸಬೇಕು ಎಂಬುದು ಅವರ ಕಟ್ಟಳೆ. ಆ ಸಾಲನ್ನು ಇವತ್ತು ಬೆಳಿಗ್ಗೆ ನಿನ್ನ ಮಗಳು ತುಂಬಿಸಿದಳು, ಪೆನ್ಸಿಲ್ಲಿನಲ್ಲಲ್ಲ, ಪೆನ್ನಿನಲ್ಲಿ. ಓದಿ ನೋಡು, ತಪ್ಪಿದ್ದರೆ ತಿದ್ದು: “ಮನೆ: 22, ಮಿಲ್ ರೋ, ಆಟರ್‌ಬೆಕ್. ಅಕ್ಟೋಬರ್ 9ರವರೆಗೆ ಊರಲ್ಲಿಲ್ಲ.”